ಹಗ್ಗ ಸುತ್ತಿದ ಕೈ

ಪಟಾರನೆ ಏಟು ಬಿತ್ತು. ಅದೂ ಅವಳ ಮುಂಗೈ ಮೇಲೆ!

ಏನಾಯಿತೆಂದು ತಿಳಿಯುವ ಮೊದಲೇ ಅಪರಿಚಿತನೊಬ್ಬ ಹಗ್ಗವನ್ನು ಅವಳ ಕೈಯಿಂದ ಕಿತ್ತು, ಅವಳನ್ನು ಸಾಲಿನಿಂದ ಹೊರಗೆಳೆದು ಹುಲ್ಲಿನ ಮೇಲೆ ದಬ್ಬಿದ್ದ.

ಬಟ್ಟೆ ಹೊಲಿಯುವ ಈ ಹುಡುಗಿಗೆ ಗೆಳತಿ ಇಟ್ಟ ಹೆಸರು ಸೂಜಿ. ಮೂರು ದಿನದ ರಜೆಗೆಂದು ಗೆಳತಿಯ ಮನೆಗೆ ಬಂದಿದ್ದಳು. ನಿನ್ನೆ ಬಡಾವಣೆಯವರ ಜೊತೆ ದೋಣಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಇವತ್ತು ಮೈದಾನದಲ್ಲಿ ಹಗ್ಗಜಗ್ಗಾಟ.

ಆ ನಗು ಈಗ ಎಲ್ಲಿ ಹೋಯಿತೋ... ಮದುವೆ ಗೊತ್ತಾಗಿದ್ದವನ ಕೈಯಲ್ಲಿ ಹೊಡೆತ ತಿಂದು ಆ ಸಂಬಂಧ ಮುರಿದುಕೊಂಡವಳು ಅವಳು. ಇನ್ನೊಬ್ಬನ ಕೈ ತನ್ನ ಮೇಲೆ ಬೀಳಬಾರದೆಂದು ಶಪಥ ಮಾಡಿದ್ದಳು.

ಎದ್ದವಳೇ ಪಕ್ಕದಲ್ಲಿದ್ದ ಸ್ಟೀಲ್ ಬಾಟಲಿ ಎತ್ತಿ ಅವನ ಮುಖಕ್ಕೆ ಬೀಸಿದಳು. ಮೂಗಿನಿಂದ ರಕ್ತ ಚಿಮ್ಮಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಏಟು. ಹುಬ್ಬು ಒಡೆಯಿತು.

"ಬಿಡೇ, ಸತ್ತುಹೋಗ್ತಾನೆ! ನಮ್ಮಣ್ಣ ಕಣೇ ಅವನು. ಬಂದರಿನ ಕೆಲಸ ಮುಗಿಸಿ ಈಗ ಬಂದ," ಗೆಳತಿ ಓಡಿ ಬಂದು ಅವಳ ಸೊಂಟ ಹಿಡಿದಳು.

"ನಿಮ್ಮಣ್ಣ ಆದ್ರೆ ಹೊಡೀಬಹುದಾ?"

ಅಷ್ಟರಲ್ಲಿ ಆಟ ಶುರುವಾಗಲು ಸೀಟಿ ಊದಿದರು. ಎದುರು ತಂಡ ಒಮ್ಮೆಗೇ ಜಗ್ಗಿತು. ಸೂಜಿಯ ಜಾಗಕ್ಕೆ ಬಂದು ನಿಂತಿದ್ದ ಬಡಾವಣೆಯ ಬೇಕರಿಯವನು ಕಿರುಚಿದ. ಅವನೂ ಅವಳ ಹಾಗೇ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ.

ಹಗ್ಗ ಅವನನ್ನು ದರದರ ಎಳೆದೊಯ್ದಿತು. ಗದ್ದಲದಲ್ಲಿ ಆ ಕೂಗು ಜಗ್ಗುತ್ತಿದ್ದವರಿಗೆ ಕೇಳಲಿಲ್ಲ. ಗೆಳತಿಯ ಅಣ್ಣ ರಕ್ತ ಸುರಿಸುತ್ತಲೇ ಎದುರು ತಂಡದ ಮೇಲೆ ಬಿದ್ದ. ಒಬ್ಬನನ್ನು ಒದ್ದ, ಇನ್ನೊಬ್ಬನನ್ನು ಕೆಡವಿದ. ಹಗ್ಗ ಸಡಿಲವಾಯಿತು.

ಬೇಕರಿಯವನ ಅಂಗೈಯ ಚರ್ಮ ಸುಲಿದಿತ್ತು, ಒಂದು ಬೆರಳು ಹಿಂದಕ್ಕೆ ಮುರಿದಿತ್ತು. ಹಗ್ಗ ಬಿಚ್ಚುತ್ತಿದ್ದ ಅಣ್ಣನ ಎಡಗೈಯನ್ನು ಅವಳು ಆಗ ನೋಡಿದಳು. ಅದರಲ್ಲಿ ಮೂರೇ ಬೆರಳು.

'ದಾರ ಹರಿಯುವಾಗ ಬೆರಳಿಗೆ ಸುತ್ತುವ ಹಾಳು ಅಭ್ಯಾಸ... ಅಲ್ಲಿ ಇರಬೇಕಾದದ್ದು ನನ್ನ ಕೈ!'

ಅವಳು ತನ್ನ ದುಪಟ್ಟಾ ಹರಿದು ಅವನ ಹುಬ್ಬಿಗೆ ಒತ್ತಿದಳು. "ಬಾಯಲ್ಲಿ ಹೇಳಬಹುದಿತ್ತಲ್ಲ?"

"ಬಂದರಿನಲ್ಲಿ ನನ್ನ ಬೆರಳು ಹೋಗಿದ್ದೂ ಹೀಗೇ ಹಗ್ಗ ಸುತ್ಕೊಂಡು. ಸೀಟಿ ಊದ್ತಾರೇನೋ ಅಂತ ಗಾಬರಿಯಾಯ್ತು. ಆದ್ರೂ ಕೈ ಎತ್ತಬಾರದಿತ್ತು. ನನ್ನ ತಪ್ಪು."

ಅವಳು ಗಕ್ಕನೆ ಅವನ ಮುಖ ನೋಡಿದಳು. ಹಿಂದೆ ಹೊಡೆದವನು ಪ್ರತಿ ಸಲವೂ 'ನಿನ್ನ ತಪ್ಪು' ಎಂದಿದ್ದ.

ಮರುದಿನ ಬಡಾವಣೆಯವರೆಲ್ಲ ಗುಡ್ಡ ಹತ್ತಿದರು. "ನಮ್ಮಣ್ಣನ ಮೂಗು ಆಲೂಗಡ್ಡೆ ಆಗಿದೆ. ಇನ್ನು ಯಾರು ಹೆಣ್ಣು ಕೊಡ್ತಾರೆ?" ಎಂದು ಗೆಳತಿ ಛೇಡಿಸಿ ಬೇಕೆಂದೇ ಮುಂದೆ ಹೋದಳು. ಸೂಜಿಗೆ ಕೋಪ ಉಳಿದಿರಲಿಲ್ಲ. ಅವನ ಹೆಜ್ಜೆ ಸದ್ದಿಗೆ ಮನಸ್ಸು ಕಾಯುತ್ತಿತ್ತು, ಅದೇ ಅವಳ ಹೆದರಿಕೆ.

ಬಂಡೆಯ ಮೇಲೆ ಅವಳ ಕಾಲು ಜಾರಿತು. ಅವನು ಎಡಗೈ ಚಾಚಿದ, ಆದರೆ ಮುಟ್ಟಲಿಲ್ಲ.

"ಬೇಕಾದ್ರೆ ಹಿಡ್ಕೊಳ್ಳಿ."

"ಆಮೇಲೆ ಬಿಡಿಸ್ಕೊಳ್ಳೋಕೆ ಆಗದಿದ್ರೆ?"

"ಸುತ್ಕೋಬೇಡಿ. ಬೇಡ ಅನ್ನಿಸಿದಾಗ ಬಿಡೋ ಹಾಗೆ ಹಿಡ್ಕೊಳ್ಳಿ... ನನಗೆ ಅಷ್ಟೇ ಸಾಕು."

ಅವಳು ಆ ಮೂರು ಬೆರಳು ಹಿಡಿದಳು. ಬಂಡೆ ದಾಟಿದ ಮೇಲೆ ಸಮತಟ್ಟಾದ ದಾರಿ ಬಂತು.

"ಇನ್ನು ಬಿಡಬಹುದು," ಎಂದ ಅವನು.

"ಗೊತ್ತು," ಎಂದಳು. ಬಿಡಲಿಲ್ಲ.