ಹೆಸರಿಗೆ ಓಗೊಡುವ ಹಗೇವು

"ನೀರು ಕುಡೀರಿ, ನೆರಳಿಗೆ ಕುಂದ್ರಿ. ಆದರ ಈ ಕಣದಾಗ ಒಬ್ಬರನ್ನೊಬ್ಬರು ಹೆಸರು ಹಿಡಿದು ಮಾತ್ರ ಕರೀಬ್ಯಾಡ್ರಿ."

ಕಣದ ಒಡತಿ, ಮುದುಕಿ ಗುತ್ತೆವ್ವ ತಂಬಿಗೆ ಕೆಳಗಿಟ್ಟು ಹೀಗೆ ಹೇಳಿದಾಗ ಅಣ್ಣಾಜಿ ಬಾಯಲ್ಲಿದ್ದ ನೀರನ್ನು ಪುರ್ರನೆ ಉಗುಳಿ ನಕ್ಕುಬಿಟ್ಟ.

ಅದು ಎಂಬತ್ನಾಲ್ಕನೆಯ ಇಸವಿ, ಸಂಕ್ರಾಂತಿ ಮುಗಿದ ಮೊದಲ ರವಿವಾರ. ಹಾವೇರಿಯ ಕಾಲೇಜಿನಲ್ಲಿ ಓದುತ್ತಿದ್ದ ಮೂವರು ಗೆಳೆಯರು ರಾಣೇಬೆನ್ನೂರಿನ ಕುರುಚಲು ಕಾಡಿನಲ್ಲಿ ಕೃಷ್ಣಮೃಗ ನೋಡಿ ಬರೋಣವೆಂದು ಬೆಳಗಿನ ಚಳಿಯಲ್ಲೇ ಸೈಕಲ್ ಹತ್ತಿದ್ದರು. ರಾಘಣ್ಣ ಮತ್ತು ಅಬ್ದುಲರಜಾಕ ಹಾವೇರಿಯವರೇ. ಅಣ್ಣಾಜಿ ಮಾತ್ರ ಆ ವರ್ಷ ಬೆಳಗಾವಿಯಿಂದ ಬಂದು ಸೇರಿದವನು. ವಿಜ್ಞಾನ ಓದುವ ಹುಡುಗ. ಯಾರು ಏನು ಹೇಳಿದರೂ ಅದಕ್ಕೊಂದು ಕಾರಣ ಹುಡುಕಿ ಕೊಡುವವರೆಗೆ ಅವನಿಗೆ ಸಮಾಧಾನವಿಲ್ಲ.

ಮೋಟೆಬೆನ್ನೂರು ದಾಟಿದ ಮೇಲೆ ರಾಘಣ್ಣನ ಸೈಕಲ್ ಗಾಲಿ ಪಂಕ್ಚರ್ ಆಯಿತು. ಪಕ್ಕದ ಹೊಲದಲ್ಲಿ ಈ ಕಣ ಕಂಡಿತು. ನೆಲ ಕಾಣದಂತೆ ಕೆಂಪು ಮೆಣಸಿನಕಾಯಿ ಹರವಿತ್ತು. ಬಿಸಿಲಿಗೆ ಅದರ ಘಾಟು ಮೂಗಿಗೆ ಅಡರುತ್ತಿತ್ತು. ಕಾಯಿ ತಿರುವಿ ಹಾಕುತ್ತಿದ್ದ ನಾಲ್ಕಾರು ಹೆಂಗಸರು "ಏ ಇವಳ", "ಏ ತಂಗಿ" ಎಂದೇ ಕರೆದುಕೊಳ್ಳುತ್ತಿದ್ದರು. ಒಂದು ಹೆಸರೂ ಕೇಳಲಿಲ್ಲ. ಕಣದ ಮೂಲೆಯಲ್ಲಿ ಒಂದು ಕರಿಯ ಚಪ್ಪಡಿ. ಅದರ ಸುತ್ತ ಐದು ಮಾರಿನಷ್ಟು ನೆಲದಲ್ಲಿ ಯಾರೂ ಒಂದು ಕಾಯಿಯನ್ನೂ ಹರವಿರಲಿಲ್ಲ.

"ಯಾಕವ್ವಾ, ಹೆಸರು ಹಿಡಿದರ ಏನಾಗತದ?" ಅಣ್ಣಾಜಿ ಕೇಳಿದ.

"ಅಲ್ಲೊಂದು ಹಗೇವು ಐತಿ" ಎಂದಳು ಮುದುಕಿ, ಚಪ್ಪಡಿಯತ್ತ ನೋಡದೆ. ನೆಲದಲ್ಲಿ ಎರಡಾಳು ಆಳ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುವ ಕಣಜ ಅದು. "ನನ್ನ ಮಾವನ ಕಾಲದ್ದು. ಅಣ್ಣತಮ್ಮರ ಪಾಲಿನಾಗ ಜಗಳ ಬಂತು. ತಮ್ಮ ಮಾಟಗಾರನ್ನ ಕರಿಸಿ, ಅಣ್ಣನ ಹೆಸರು ತಗಡಿನ ಮ್ಯಾಲ ಬರಿಸಿ ಒಳಗ ಹುಗಿಸಿದ. ಅಣ್ಣ ಹೋದ. ಮಾಟ ಹೋಗಲಿಲ್ಲ. ಒಂದು ಹೆಸರು ತಿಂದು ಅದಕ್ಕ ರುಚಿ ಹತ್ತೇತಿ."

ಹಗೇವಿಗೆ ಇಳಿದವನನ್ನು ಮೇಲೆ ನಿಂತವರು ಹೆಸರು ಹಿಡಿದು ಕೂಗುತ್ತಲೇ ಇರಬೇಕು, ಅವನು ಪ್ರತಿ ಸಲ ಓ ಎನ್ನಬೇಕು. ಓ ಬರದಿದ್ದರೆ ಉಸಿರು ಕಟ್ಟಿತೆಂದು ತಿಳಿದು ಹಗ್ಗ ಎಳೆಯಬೇಕು. ಆ ಸೀಮೆಯಲ್ಲೆಲ್ಲ ಅದೇ ರೂಢಿ. ಈ ಒಂದು ಹಗೇವಿನಲ್ಲಿ ಮಾತ್ರ, ಗುತ್ತೆವ್ವನ ಮೈದುನ ಇಳಿದಾಗ, ಅವನು ಸತ್ತು ಬಿದ್ದ ಮೇಲೂ ಓ ಬರುತ್ತಲೇ ಇತ್ತಂತೆ. ಅದೂ ಅವನದೇ ದನಿಯಲ್ಲಿ.

"ಜೋಳ ಮುಗ್ಗಿ ಒಳಗಿನ ಗಾಳಿ ಕೆಟ್ಟಿರತದ, ಅದಕ್ಕ ಸತ್ತಾನ. ಓ ಅಂದದ್ದು ಗೋಡಿಗೆ ಬಡದ ದನಿ" ಎಂದ ಅಣ್ಣಾಜಿ.

"ಹೌದಪಾ, ಸಾಲಿ ಕಲ್ತವರು. ನಿಮಗ ಗೊತ್ತಿರತೈತಿ" ಎಂದು ಗುತ್ತೆವ್ವ ಎದ್ದುಹೋದಳು.

ರಾಘಣ್ಣ ಟ್ಯೂಬಿಗೆ ತೇಪೆ ಹಚ್ಚಿ ಗಾಳಿ ಹೊಡೆಯುತ್ತಿದ್ದ. ಅಣ್ಣಾಜಿ ಮೆಲ್ಲಗೆ ಚಪ್ಪಡಿಯ ಹತ್ತಿರ ನಡೆದ. ಅಂಚಿನಲ್ಲಿ ಮುಷ್ಟಿ ಹಿಡಿಯುವಷ್ಟು ಸಂದಿ ಇತ್ತು. ಅದರೊಳಗಿಂದ ಮುಗ್ಗಿದ ಜೋಳದ ತಣ್ಣನೆಯ ವಾಸನೆ ಮುಖಕ್ಕೆ ಬಡಿಯಿತು.

"ಏ, ಹುಚ್ಚಾ! ಬ್ಯಾಡ ಬಾರಲೇ" ಎಂದು ರಜಾಕ ಕೂಗಿದ.

ಅಣ್ಣಾಜಿ ಅವನತ್ತ ಕಣ್ಣು ಮಿಟುಕಿಸಿ, ಸಂದಿಗೆ ಬಾಯಿ ಹಚ್ಚಿ ಕರೆದ. "ರಾಘಣ್ಣಾ!"

ಬಾವಿಯಲ್ಲಿ ಕೂಗಿದರೆ ಕೂಗಿದ್ದೇ ತಿರುಗಿ ಬರುತ್ತದೆ. ಇಲ್ಲಿ ಹಾಗೆ ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಕೆಳಗಿನಿಂದ ಬಂತು.

"ಓ..."

ರಾಘಣ್ಣನ ದನಿಯೇ. ಆದರೆ ರಾಘಣ್ಣ ಅಷ್ಟು ದೂರದಲ್ಲಿ, ತುಟಿಗಳ ನಡುವೆ ವಾಲ್ವಿನ ಟೋಪಿ ಕಚ್ಚಿಕೊಂಡು ಕೂತಿದ್ದ.

ಕಣದಲ್ಲಿ ಕಾಯಿ ತಿರುವುವ ಸದ್ದು ಒಮ್ಮೆಲೇ ನಿಂತಿತು. ಅಣ್ಣಾಜಿ ಚಪ್ಪಾಳೆ ತಟ್ಟಿ ನಕ್ಕ. "ಭಾಳ ಚಂದ ಓಗೊಟ್ಟಿ ನೋಡಲೇ!" ರಾಘಣ್ಣನಿಗೆ ಏನೆಂದು ತಿಳಿಯಲಿಲ್ಲ. ಮೂವರೂ ಸೈಕಲ್ ಹತ್ತಿದರು. ಹಿಂದಿನಿಂದ ಗುತ್ತೆವ್ವ ಏನೋ ಕೂಗುತ್ತ ಓಡಿ ಬಂದಳು. ಇಳಿಜಾರಿನಲ್ಲಿ ಗಾಳಿ ಕಿವಿ ತುಂಬಿತ್ತು. ಯಾರೂ ನಿಲ್ಲಲಿಲ್ಲ.

ಕೃಷ್ಣಮೃಗಗಳು ಕಂಡವು. ನಲವತ್ತರ ಹಿಂಡು. ಗಂಡುಗಳ ಸುರುಳಿ ಕೊಂಬು, ಕುರುಚಲ ಮೇಲಿಂದ ಹಾರಿದರೆ ನೆಲ ಮುಟ್ಟಿದ್ದೇ ತಿಳಿಯದು. ಮೂವರೂ ಹುಲ್ಲಿನಲ್ಲಿ ಮಲಗಿ ನೋಡಿದರು, ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಆದರೆ ರಾಘಣ್ಣ, ಎಷ್ಟು ಕರೆದರೂ, ಓ ಎನ್ನುತ್ತಿರಲಿಲ್ಲ.

"ರಾಘಣ್ಣಾ, ಚಟ್ನಿ ಕೊಡೋ. ರಾಘಣ್ಣಾ! ಕಿವ್ಯಾಗ ಹತ್ತಿ ಇಟ್ಟೀಯೇನಲೇ?"

ಕರೆದಾಗಲೆಲ್ಲ ಅವನ ಮುಖ ಬಡಗಣ ದಿಕ್ಕಿಗೆ, ತಾವು ಬಂದ ದಾರಿಯ ಕಡೆಗೆ ತಿರುಗುತ್ತಿತ್ತು. ರಜಾಕ ಅವನ ಹೆಗಲ ಮೇಲೆ ಕೈಯಿಟ್ಟ. ಉರಿಬಿಸಿಲಿನಲ್ಲಿ ಮೈ ಮಡಕೆಯಂತೆ ತಣ್ಣಗಿತ್ತು. ಬೆವರಿನಿಂದ ಮುಗ್ಗಿದ ಜೋಳದ ವಾಸನೆ.

"ಯಾರೋ ನನ್ನ ಭಾಳ ಹೊತ್ತಿನಿಂದ ಕರೀಲಿಕತ್ತಾರ" ಎಂದ ರಾಘಣ್ಣ. ಎದ್ದ. ಚಪ್ಪಲಿಯನ್ನೂ ಮೆಟ್ಟಲಿಲ್ಲ. ಸೈಕಲ್ ಹತ್ತಿ ಹೊರಟ.

"ರಾಘಣ್ಣಾ, ನಿಲ್ಲೋ!" ಅಣ್ಣಾಜಿ ಕೂಗಿದ. ಕೂಗಿದಷ್ಟೂ ಅವನು ಜೋರಾಗಿ ತುಳಿದ.

"ಕರೀಬ್ಯಾಡಲೇ! ಬಾಯಿ ಮುಚ್ಚು!" ರಜಾಕ ಅಣ್ಣಾಜಿಯ ಅಂಗಿ ಹಿಡಿದು ಜಗ್ಗಿದ. "ನೀ ಕರದಷ್ಟೂ ಅವ ಅಲ್ಲಿಗೇ ಹೊಂಟಾನ. ಇನ್ನೂ ತಿಳೀವಲ್ದೇನು ನಿನಗ?"

ಹದಿನೈದು ಮೈಲಿಯ ದಾರಿ. ಎಷ್ಟು ತುಳಿದರೂ ಅವನ ಬೆನ್ನು ಒಂದು ಫರ್ಲಾಂಗು ಮುಂದೆಯೇ ಇತ್ತು. ಇವರು ಕಣ ಮುಟ್ಟುವಾಗ ಹೊತ್ತು ಮುಳುಗಿತ್ತು. ಆಕಾಶ ಕೆಂಪು, ನೆಲ ಕೆಂಪು. ರಾಘಣ್ಣನ ಸೈಕಲ್ ಮೆಣಸಿನಕಾಯಿಯ ಮೇಲೆ ಬಿದ್ದಿತ್ತು, ಗಾಲಿ ಇನ್ನೂ ತಿರುಗುತ್ತಿತ್ತು. ನಾಲ್ಕು ಆಳು ಎತ್ತಬೇಕಾದ ಚಪ್ಪಡಿ ಪಕ್ಕಕ್ಕೆ ಸರಿದಿತ್ತು.

ಗುತ್ತೆವ್ವ ಕಂದೀಲು ಹಿಡಿದು ನಿಂತಿದ್ದಳು. ಅದನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟಳು. ಒಂದಾಳು ಆಳ ಇಳಿಯುವಷ್ಟರಲ್ಲಿ ದೀಪ ಪಕ್ಕನೆ ಆರಿತು.

"ನಾ ಇಳೀತೇನಿ" ಎಂದ ರಜಾಕ.

"ಇಳದರ ಇಬ್ಬರು ಹೋಗ್ತೀರಿ. ಹಗ್ಗ ಬಿಟ್ಟೇನಿ, ಅವ ಹಿಡೀವಲ್ಲ. ಹೆಸರು ಅದರ ಕೈಯಾಗ ಐತಿ." ಮುದುಕಿ ಅಣ್ಣಾಜಿಯ ಕಡೆ ತಿರುಗಿದಳು. "ಕರದಾವ ನೀನ ಅಲ್ಲಾ? ಒಂದು ಬಿಡಬೇಕಂದ್ರ ಅದಕ್ಕ ಇನ್ನೊಂದು ಬೇಕು. ನಿನ್ನ ಬಾಯಿಲೆ ನಿನ್ನ ಹೆಸರು ಹೇಳು."

"ಹೇಳಿದರ?"

"ಈಗೇನೂ ಆಗೂದಿಲ್ಲ. ತಾನಾಗಿ ಕೊಟ್ಟದ್ದನ್ನ ಅದು ತಡದು ತೊಗೋತೈತಿ. ಮುಂದ ಯಾರರ ನಿನ್ನ ಹೆಸರು ಹಿಡಿದು ಕರದ್ರು ಅಂದ್ರ, ಆ ದಿವಸ ಇಲ್ಲಿಗೆ ಬರ್ತಿ."

ಕೆಳಗೆ ಗೊರಕೆಯಂಥ ಉಸಿರು. ನಿಂತಿತು. ಮತ್ತೆ ಎಳೆಯಿತು. ಇದು ಗಾಳಿ, ಕೆಟ್ಟ ಗಾಳಿ ಎಂದು ಅಣ್ಣಾಜಿ ತನಗೆ ತಾನೇ ಹೇಳಿಕೊಂಡ. ಉಸಿರು ಮತ್ತೆ ನಿಂತಿತು. ಈ ಸಲ ಎಳೆಯಲಿಲ್ಲ. ಅಣ್ಣಾಜಿ ಮೊಣಕಾಲೂರಿದ. ಕತ್ತಲೆಗೆ ಮುಖವಿಟ್ಟ. ತಣ್ಣನೆಯದೇನೋ ಗಲ್ಲ ಸವರಿತು.

"ಅಣ್ಣಾಜೀ!"

ಬರಿ ಕತ್ತಲೆ. ಆಮೇಲೆ ಅವನದೇ ದನಿ, ಅವನಿಗಿಂತ ಸಮಾಧಾನವಾಗಿ, ಕೆಳಗಿನಿಂದ.

"ಓ..."

ಹಗ್ಗ ಬಿಗಿಯಿತು. ಕೆಳಗೆ ರಾಘಣ್ಣ ಚೀರಿದ. ಎಳೆದರು. ಕೈ ಸುಲಿಯಿತು. ಎಳೆದರು. ತಲೆ ಕಂಡಿತು. ರಾಘಣ್ಣ ಮೆಣಸಿನಕಾಯಿಯ ಮೇಲೆ ಬಿದ್ದು, ಅದರ ಘಾಟಿಗೆ ಕೆಮ್ಮಿ ಕೆಮ್ಮಿ ಅತ್ತ.

ಅಣ್ಣಾಜಿ ಆ ವಾರವೇ ಕಾಲೇಜು ಬಿಟ್ಟ. ಅಲ್ಲಿ ದಿನಾ ಹಾಜರಿಗೆ ಹೆಸರು ಕೂಗುತ್ತಾರೆ. ಬೆಳಗಾವಿಗೂ ಹೋಗಲಿಲ್ಲ. ಅಲ್ಲಿ ಓಣಿಯೆಲ್ಲ ಗುರುತಿನವರು, ಕಂಡವರೆಲ್ಲ ಕರೆಯುವವರು. ರಾಣೇಬೆನ್ನೂರಿನಲ್ಲಿ ಹತ್ತಿ ಅಂಗಡಿಯ ಗುಮಾಸ್ತನಾದ. ಎಲ್ಲರೂ ಅಡ್ಡಹೆಸರು ಹಿಡಿದೇ ಮಾತಾಡಿಸುವಂತೆ ನೋಡಿಕೊಂಡ. ಲಗ್ನದ ಮಾತು ತೆಗೆಯಗೊಡಲಿಲ್ಲ. ಅವನ ತಂದೆ ತೀರಿದ ಮೇಲೆ ತಾಯಿ ಸರಸ್ವತೀಬಾಯಿ ಮಗನ ಜೊತೆ ಇರಲು ಬಂದಳು. ಅವಳು ಬಸ್ಸಿನಿಂದ ಇಳಿಯುತ್ತಲೇ, ಮಗನನ್ನು ಕಾಣುವ ಮೊದಲೇ, ರಜಾಕ ಮತ್ತು ರಾಘಣ್ಣ ಅವಳಿಗೆ ಎಲ್ಲ ಹೇಳಿದರು. ಅವಳು ನಂಬಿದಳೋ ಇಲ್ಲವೋ. ಮಗನ ಕಣ್ಣಲ್ಲಿದ್ದ ಹೆದರಿಕೆ ನೋಡಿ ಹೂಂ ಎಂದಳು. ಅಂದಿನಿಂದ ಅವನನ್ನು, ಬೆಳಗಾವಿಯ ಕಡೆ ಮಗುವನ್ನು ಕರೆಯುವಂತೆ, ಬಾಳಾ ಎಂದಷ್ಟೇ ಕರೆದಳು. ನಾಲಗೆಯ ತುದಿಗೆ ಬಂದ ಹೆಸರನ್ನು ಎಷ್ಟು ಸಲ ನುಂಗಿದಳೋ, ಅವಳಿಗೇ ಗೊತ್ತು.

ತೊಂಬತ್ತೈದರ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ನಾಲ್ಕನೆಯ ದಿನ ಯಾರ ಗುರುತೂ ಹತ್ತದಾಯಿತು. ಮಧ್ಯಾಹ್ನ ರಾಘಣ್ಣ ನೋಡಲು ಬಂದಿದ್ದ. ಮಗ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ.

"ನೀ ಯಾರಪಾ? ನನ್ನ ಮಗಾ ಎಲ್ಲಿ ಹೋದ?" ಎಂದಳು ತಾಯಿ. "ಕರೀರಿ ಅವನ್ನ. ನಾ ಹೋಗೂದರಾಗ ಬರಲಿ."

ಅವಳ ತುಟಿ ಅಲುಗಿತು. ರಾಘಣ್ಣ ಧಡಕ್ಕನೆ ಎದ್ದು ಅವಳ ಬಾಯಿಗೆ ಅಂಗೈ ಒಯ್ದ. ಅಣ್ಣಾಜಿ ಅವನ ಮುಂಗೈ ಹಿಡಿದ.

"ಕರೀಲಿ ಬಿಡೋ" ಎಂದ. "ಹನ್ನೊಂದು ವರ್ಷ ಆತು."

"ಅಣ್ಣಾಜೀ..."

ಅವನು ಬಾಯಿ ತೆರೆಯುವ ಮೊದಲೇ ನೆಲದ ಕೆಳಗಿನಿಂದ ಓ ಬಂತು. ತಾಯಿ ಮುಖ ಅರಳಿಸಿ ಆ ಕಡೆಗೇ ಹೊರಳಿದಳು. ಮಗನ ಕಡೆಗಲ್ಲ. ಹಾಗೇ ನಗುತ್ತ ಉಸಿರು ಬಿಟ್ಟಳು.

ಅಣ್ಣಾಜಿ ಅವಳ ಕಣ್ಣು ಮುಚ್ಚಿದ. ಎದ್ದ. ಹೊಸ್ತಿಲು ದಾಟಿದ. ರಾಘಣ್ಣ ತೋಳು ಹಿಡಿದರೆ ತಣ್ಣಗೆ ಜಾರಿಕೊಂಡ. ಓಣಿ ದಾಟಿದ. ಸಂತೆಯ ಜನ ಅವನನ್ನು ನುಂಗುತ್ತಿತ್ತು. ರಾಘಣ್ಣ ಬಿದ್ದೆದ್ದು ಬೆನ್ನಟ್ಟಿದ. ಬಿಳಿ ಅಂಗಿ ಒಮ್ಮೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಅಷ್ಟು ಗದ್ದಲದಲ್ಲಿ ಮನುಷ್ಯನನ್ನು ನಿಲ್ಲಿಸಲು ಇರುವುದು ಒಂದೇ ದಾರಿ. ಹೆಸರು ಹಿಡಿದು ಕೂಗಬೇಕು.

ರಾಘಣ್ಣ ಸಂತೆಯ ನಡುವೆ ಬಾಯಿ ತೆರೆದುಕೊಂಡು ನಿಂತೇ ಇದ್ದ.