ಕೇಕಿನ ಅಡಿಯ ಹುಂಜ

ಅಪ್ಪ ಕೇಕಿನ ಕೆನ್ನೆಗೆ ಸೌಟಿನಿಂದ ಪಟ್ಟನೆ ಒಂದು ಏಟು ಕೊಟ್ಟ. ಕೇಕು ಎಡಕ್ಕೆ ಒಂಚೂರು ಕುಸಿಯಿತು.

"ಸಾಕಾ?" ಎಂದು ಕೇಳಿದ.

"ಇನ್ನೂ ವಾರೆ ಬೇಕು," ಎಂದಳು ಚೂಟಿ. "ನಮ್ಮ ಕ್ಲಾಸ್ ಲೀಡರನ ಅಮ್ಮ ಜನ್ಮದಲ್ಲಿ ಒಲೆ ಹಚ್ಚಿಲ್ಲ. ಅವರು ಮಾಡಿದ್ದು ಇಷ್ಟು ನೆಟ್ಟಗಿರುತ್ತಾ?"

ಅಪ್ಪ ನಿಟ್ಟುಸಿರು ಬಿಟ್ಟು ಇನ್ನೊಂದು ಏಟು ಕೊಟ್ಟ. ಅವನ ಬೇಕರಿಯಲ್ಲಿ ಬಿಸ್ಕತ್ತುಗಳು ಪೆರೇಡಿಗೆ ನಿಂತ ಹಾಗೆ ಸಾಲಾಗಿರಬೇಕು. ಬನ್ನುಗಳ ತಲೆ ಎಲ್ಲ ಒಂದೇ ಬಣ್ಣಕ್ಕೆ ಕೆಂಪಗಾಗಬೇಕು. ಅಂಥವನು ಇವತ್ತು ಮಧ್ಯಾಹ್ನದಿಂದ ಒಳ್ಳೊಳ್ಳೆ ಕೇಕುಗಳನ್ನು ಕೂತು ಕೆಡಿಸುತ್ತಿದ್ದ. ಒಂದರ ಅಂಚು ಸೀಯಿಸಿದ್ದ. ಇನ್ನೊಂದರ ಕ್ರೀಮಿನಲ್ಲಿ ಬೆರಳು ಮೂಡಿಸಿದ್ದ.

"ಕೆಡಿಸೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದು ಹಣೆ ಒರೆಸಿಕೊಂಡ.

ಇದಕ್ಕೆಲ್ಲ ಕಾರಣ ಚೂಟಿಯ ಕ್ಲಾಸ್ ಮಿಸ್. ನಾಳೆ ಶಾಲೆಯಲ್ಲಿ 'ಕತೆಯೊಳಗಿನ ಅಡುಗೆ' ಎಂಬ ಸ್ಪರ್ಧೆ. ಮನೆಯಲ್ಲಿ ಹೇಳುವ ಒಂದು ಹಳೇ ಕತೆ ಆರಿಸಿಕೊಳ್ಳಬೇಕು. ಆ ಕತೆಯಲ್ಲಿ ಬರುವ ತಿಂಡಿ ಮಾಡಿ ತರಬೇಕು. ಅದರ ಇತಿಹಾಸ, ಮಾಡುವ ರೀತಿ ಎಲ್ಲ ಹೇಳಬೇಕು. ಗೆದ್ದವರ ಕತೆಯನ್ನು ಅಡುಗೆ ವಿಡಿಯೋ ಮಾಡುವ ಒಬ್ಬ ಮೇಡಂ ತಮ್ಮ ಚಾನೆಲ್ಲಿನಲ್ಲಿ ಹಾಕುತ್ತಾರೆ. ಒಂದೇ ಒಂದು ನಿಯಮ, ತಿಂಡಿ ಮನೆಯಲ್ಲೇ ಮಾಡಿದ್ದಾಗಿರಬೇಕು.

ಮನೆಯಲ್ಲೇ ಮಾಡಿ ಎಂದದ್ದೇ ತಡ, ಅಪ್ಪ ಅಮ್ಮಂದಿರೆಲ್ಲ ಬೇಕರಿಗೆ ಓಡಿ ಬಂದರು.

ಬಂದವರೆಲ್ಲ ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟುವವರೇ. "ಅಂಗಡೀದು ಅಂತ ಗೊತ್ತಾಗ್ಬಾರ್ದು, ಸ್ವಲ್ಪ ಕೆಟ್ಟದಾಗಿ ಮಾಡಿ." "ನಮ್ಮ ಮುತ್ತಜ್ಜಿ ಮಾಡಿದ ಹಾಗಿರ್ಲಿ. ಮೇಲೆ ಚಾಕಲೇಟ್ ಚಿಪ್ಸ್ ಜಾಸ್ತಿ ಹಾಕಿ."

ಕೊನೆಗೆ ಬಂದದ್ದು ಕಡ್ಡಿಯ ಅಮ್ಮ. ಕಡ್ಡಿ ಎಂದರೆ ಕ್ಲಾಸಿನಲ್ಲಿ ಚೂಟಿಯ ಪಕ್ಕ ಕೂರುವ ಸಣಕಲು ಹುಡುಗಿ. ಅವಳಮ್ಮ ಬಸ್ ಡ್ರೈವರು. ಬಸ್ಸನ್ನು ಸ್ಟಾಪಿನಲ್ಲಿ ನಿಲ್ಲಿಸಿ ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದರು. ಪ್ಯಾಸೆಂಜರುಗಳು ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಒಂದು ಸೇಬಿನ ಕೇಕು. ಅಜ್ಜಿ ಮಾಡಿದ ಹಾಗಿರ್ಬೇಕು."

"ಯಾವ ಅಜ್ಜಿ?" ಎಂದ ಅಪ್ಪ. ಬೆಳಗಿನಿಂದ ಊರಿನ ಅಜ್ಜಿಯರನ್ನೆಲ್ಲ ನೆನಪಿಟ್ಟುಕೊಂಡು ಅವನ ತಲೆ ಕೆಟ್ಟಿತ್ತು.

"ಯಾವ್ದೋ ಒಬ್ಬ ಅಜ್ಜಿ. ಬೇಗ ಹೇಳಿ, ಆಗುತ್ತಾ?" ಹೊರಗೆ ಯಾರೋ ಹಾರನ್ ಒತ್ತಿದರು. ಕಡ್ಡಿಯ ಅಮ್ಮ ಓಡಿದರು.

"ಯಾವ್ದೋ ಒಬ್ಬ ಅಜ್ಜಿಯಂತೆ!" ಚೂಟಿ ಬಿದ್ದು ಬಿದ್ದು ನಕ್ಕಳು.

ಅಪ್ಪ ನಗಲಿಲ್ಲ. "ಚೂಟಿ, ಇಲ್ಲಿ ನೋಡು. ಯಾರು ಬಂದ್ರು, ಏನು ತಗೊಂಡ್ರು ಅನ್ನೋದು ನಮ್ಮ ಒಲೆ ದಾಟಿ ಆಚೆ ಹೋಗ್ಬಾರ್ದು. ಇದು ನಮ್ಮಪ್ಪನ ಕಾಲದಿಂದ ಬಂದಿರೋ ಮಾತು. ನಿನ್ನ ಬಾಯಿ ಊರ ಬಾಗಿಲು. ಆಣೆ ಮಾಡು."

"ಬನ್ನಿನಾಣೆ, ಬಾಯಿ ಬಿಡಲ್ಲ."

ಅಪ್ಪನ ಕೇಕುಗಳೆಲ್ಲ ಒಂದು ಕಡೆ ಆದರೆ, ಚೂಟಿಯ ರೊಟ್ಟಿ ಇನ್ನೊಂದು ಕಡೆ. ಅವಳಿಗೆ ಅಪ್ಪನ ಸಹಾಯ ಬೇಡ. ಅಜ್ಜಿಯ ಕತೆಯೊಂದಿತ್ತು. ಒಬ್ಬ ರಾಕ್ಷಸ ದಿನಾ ಬಂದು ಒಂದು ಮನೆಯ ಊಟವನ್ನೆಲ್ಲ ತಿಂದು ಹೋಗುತ್ತಿದ್ದ. ಕೊನೆಗೆ ಮನೆಯಲ್ಲಿ ಬರೀ ತೌಡು ಉಳಿಯಿತು. ಆ ಮನೆಯ ಹುಡುಗಿ ತೌಡಿಗೆ ನೀರು ಹಾಕಿ ಕಲಸಿ, ಬಿಸಿ ಬೂದಿಯಲ್ಲಿ ಹೂತು, ರೊಟ್ಟಿ ಸುಟ್ಟಳು. ರಾಕ್ಷಸ ಕಚ್ಚಿದ. ಲಟಕ್! ಹಲ್ಲು ಮುರಿದು ಓಡಿಹೋದ.

"ತೌಡು ಎಷ್ಟು ಹಾಕ್ಬೇಕಜ್ಜಿ?"

"ಒಂದು ಹಿಡಿ."

"ಯಾರ ಹಿಡಿ?"

"ಹಸಿದವರ ಹಿಡಿ," ಎಂದಳು ಅಜ್ಜಿ ಬಟಾಣಿ ಸುಲಿಯುತ್ತಾ.

"ಎಲ್ಲರ ಕತೇಲೂ ರಾಜನ ಮನೆ ಊಟ ಇದೆ. ನಮ್ಮ ಕತೇಲಿ ತೌಡು!"

"ರಾಜನ ಊಟದ ಕತೆ ರಾಜ ಕಟ್ಟಿದ್ದಲ್ಲ ಕಣೇ. ಹೊಟ್ಟೆ ತುಂಬಿದವರು ಕತೆ ಹೇಳಲ್ಲ, ಗೊರಕೆ ಹೊಡೀತಾರೆ."

ಚೂಟಿ ಎರಡು ಸಲ ಬೆರಳು ಸುಟ್ಟುಕೊಂಡಳು. ಮೊದಲ ರೊಟ್ಟಿ ಪುಡಿಯಾಯಿತು. ಎರಡನೆಯದು ಇದ್ದಿಲಾಯಿತು. ಮೂರನೆಯದು ಕರ್ರಗೆ, ಸೊಟ್ಟಗೆ, ಕಲ್ಲಿನ ಹಾಗಾಯಿತು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಮರುದಿನ ಕ್ಲಾಸಿನಲ್ಲಿ ಲೀಡರ್ ಮೊದಲು ಎದ್ದ. ಅವನ ಮೂರು ಅಂತಸ್ತಿನ ಕೇಕು ಗಾಜಿನ ಸ್ಟ್ಯಾಂಡಿನ ಮೇಲೆ ವಾರೆಯಾಗಿ ನಿಂತಿತ್ತು.

"ಐನೂರು ವರ್ಷದ ಹಿಂದೆ ಒಬ್ಬ ಬಡ ಸೌದೆ ಕಡಿಯೋನು ಇದ್ದ. ಅವನ ಹೆಂಡತಿ ಈ ಕೇಕನ್ನ ಕಂಡುಹಿಡಿದಳು. ಅವಳು ನಮ್ಮ ವಂಶದವಳು."

"ಬಡವರ ಮನೇಲಿ ಚಾಕಲೇಟ್ ಚಿಪ್ಸ್ ಎಲ್ಲಿಂದ ಬಂತು?" ಎಂದಳು ಚೂಟಿ.

"ರಾಜ ಕೊಟ್ಟ."

"ಕ್ರೀಮು ಕರಗಲಿಲ್ವಾ?"

ಲೀಡರ್ ಯೋಚಿಸಿದ. "ಆಗ ಚಳಿ ಜಾಸ್ತಿ ಇತ್ತು."

ತೀರ್ಪು ಕೊಡಲು ಬಂದಿದ್ದ ಅಡುಗೆ ಮೇಡಂ ಕೈಯಲ್ಲಿ ಫೋನು ಹಿಡಿದು ತಮ್ಮನ್ನು ತಾವೇ ಶೂಟ್ ಮಾಡಿಕೊಳ್ಳುತ್ತಿದ್ದರು. "ಸ್ನೇಹಿತರೇ, ಐನೂರು ವರ್ಷ!" ಎಂದು ಫೋನಿಗೆ ಹೇಳಿದರು. ಮುಂದೆ ಬಂದ ಹುಡುಗ ತನ್ನ ಕೇಕಿಗೆ ಮೂರು ಸಾವಿರ ವರ್ಷ ಎಂದ. ಅವನ ನಂತರದವಳು, ಅದಕ್ಕಿಂತ ಒಂದು ವರ್ಷ ಜಾಸ್ತಿ ಎಂದಳು.

ಚೂಟಿಯ ಸರದಿ ಬಂತು. ಅವಳು ಬಟ್ಟೆ ಬಿಚ್ಚಿದಳು. ಕ್ಲಾಸು ಕಿಸಕ್ಕೆಂದಿತು. ಮೇಡಂ ರೊಟ್ಟಿಯನ್ನು ಮೇಜಿನ ಮೇಲೆ ಕುಟ್ಟಿದರು. ಟೊಕ್, ಟೊಕ್.

"ನಿಮ್ಮಪ್ಪಂದು ಬೇಕರಿ ಅಲ್ವಾ?"

"ಹೌದು."

"ಅದೇ ಅಂದ್ಕೊಂಡೆ. ನೋಡಿ ಮಿಸ್, ಸೀದಿರೋದು ಎಷ್ಟು ನ್ಯಾಚುರಲ್ ಆಗಿದೆ! ಮಕ್ಕಳ ಕೈಲಿ ಇಷ್ಟು ಚೆನ್ನಾಗಿ ಕೆಡಿಸೋಕೆ ಆಗಲ್ಲ. ಇದು ಪ್ರೊಫೆಷನಲ್ ಕೈ."

"ನಾನೇ ಮಾಡಿದ್ದು! ಬೆರಳು ನೋಡಿ, ಸುಟ್ಟಿದೆ!"

"ಸುಳ್ಳು ಬೇಡ ಪುಟ್ಟಾ," ಎಂದರು ಮಿಸ್ ಮೆತ್ತಗೆ. "ಬೇರೆಯವರೆಲ್ಲ ಎಷ್ಟು ಪ್ರಾಮಾಣಿಕವಾಗಿ ಮನೇಲಿ ಮಾಡ್ಕೊಂಡು ಬಂದಿದಾರೆ ನೋಡು. ನೀನು ಸ್ಪರ್ಧೇಲಿಲ್ಲ. ಹೋಗಿ ಹಿಂದೆ ಕೂತ್ಕೋ."

"ಕತೆ?"

"ಕತೆಯೂ ಬೇಡ."

ಚೂಟಿ ರೊಟ್ಟಿ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋದಳು. ಅಳು ಕಾಣದಿರಲಿ ಎಂದು ತಲೆಯನ್ನು ಬೆಂಚಿನ ಮೇಲೆ ಇಟ್ಟಳು. ಆಗ ಕಂಡಿತು. ಲೀಡರನ ಗಾಜಿನ ಸ್ಟ್ಯಾಂಡಿನ ಕೆಳಗಿನಿಂದ ಒಂದು ಹುಂಜ ಅವಳನ್ನೇ ನೋಡುತ್ತಿತ್ತು.

ಬೇಕರಿಯ ಕೇಕಿನ ಅಚ್ಚುಗಳೆಲ್ಲ ತಾತ ಮಾಡಿಸಿದ್ದು. ಒಂದೊಂದರ ತಳದಲ್ಲೂ ಒಂದು ಹುಂಜದ ಚಿತ್ರ. ಕೇಕು ಬೆಂದಾಗ ಅಡಿಯಲ್ಲಿ ಹುಂಜ ಒತ್ತಿಕೊಳ್ಳುತ್ತದೆ. ಪಾಪ, ಅಪ್ಪ ಮೇಲೆಲ್ಲ ಕೆಡಿಸಿದ್ದ, ಕೆಳಗೆ ಕೆಡಿಸುವುದನ್ನು ಮರೆತಿದ್ದ!

ಚೂಟಿ ನೆಟ್ಟಗೆ ಕೂತಳು. ಆಣೆ ಮಾಡಿದ್ದು ಬಾಯಿ ಬಿಡಲ್ಲ ಎಂದು. ಕೈಗೇನು ಆಣೆ? ಒಂದು ಕೇಕು ತಿರುಗಿಸಿದರೆ ಸಾಕು, ಆಮೇಲೆ ಎಲ್ಲರೂ ತಿರುಗಿಸುತ್ತಾರೆ. ಎಲ್ಲಕ್ಕಿಂತ ಹತ್ತಿರ, ಮುಂದಿನ ಬೆಂಚಿನಲ್ಲೇ ಇದ್ದದ್ದು ಕಡ್ಡಿಯದು. ಚೂಟಿ ಕೈ ಚಾಚಿ ತಟ್ಟೆಯನ್ನು ಎಳೆದಳು.

ಕಡ್ಡಿ ಎರಡೂ ಕೈಯಲ್ಲಿ ತಟ್ಟೆ ಒತ್ತಿ ಹಿಡಿದಳು. "ಬೇಡ," ಎಂದಳು. ಅವಳ ತುಟಿ ಬೆಳ್ಳಗಾಗಿತ್ತು. ಅವಳೂ ಅಡಿಯನ್ನು ನೋಡಿಕೊಂಡಿದ್ದಳು.

"ನಂದು ಮಾತ್ರ ಸುಳ್ಳಾ?" ಎಂದು ಚೂಟಿ ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಮಿಸ್ ಕಡ್ಡಿಯ ಹೆಸರು ಕರೆದರು. ಕಡ್ಡಿ ತಟ್ಟೆ ಎತ್ತಿಕೊಂಡು ಹೋಗಿ ನಿಂತಳು. ಕತೆ ಹೇಳುವಾಗಲೂ ತಟ್ಟೆ ಕೆಳಗಿಡಲಿಲ್ಲ.

"ಒಂದು ರಸ್ತೆಯ ಕೊನೇಲಿ ಒಬ್ಬಳು ಅಜ್ಜಿ ಇದ್ದಳು. ಕೊನೇ ಬಸ್ ಸ್ಟಾಪಲ್ಲಿ."

"ಹಳೇ ಕತೇಲಿ ಬಸ್ಸಾ?" ಎಂದ ಲೀಡರ್.

"ಗಾಡಿ ಅಂದ್ಕೋ," ಎಂದಳು ಕಡ್ಡಿ. "ಕೊನೇ ಗಾಡಿ ಬರತ್ತೆ. ಎಲ್ಲಾರೂ ಇಳಿದು ಮನೆಗೆ ಹೋಗ್ತಾರೆ. ಗಾಡಿ ಓಡಿಸೋಳು ಮಾತ್ರ ಉಳೀತಾಳೆ. ಆಗ ಅಜ್ಜಿ ಹೋಗಿ, ಏನಾದ್ರೂ ತಿಂದ್ಯಾ ಮಗಾ, ಅಂತ ಕೇಳ್ತಾಳೆ. ಬೇರೆ ಯಾರೂ ಅವಳನ್ನ ಹಾಗೆ ಕೇಳಲ್ಲ. ಅವಳು, ನಂಗೆ ಬೇಡ, ಮನೇಲಿ ಮಗಳು ಒಬ್ಬಳೇ ಇದಾಳೆ, ಅಂತಾಳೆ. ಅಜ್ಜಿ ಸೇಬಿನ ಕೇಕು ಮುರಿದು ದೊಡ್ಡ ತುಂಡು ಅವಳಿಗೇ ಕೊಡ್ತಾಳೆ. ಅವಳು ಮನೆಗೆ ಬಂದು ಬಾಗಿಲು ತೆಗೆದಾಗಲೂ ಅದು ಬೆಚ್ಚಗೇ ಇರತ್ತೆ."

"ಯಾಕೆ?" ಎಂದು ಯಾರೋ ಕೇಳಿದರು.

"ಅಜ್ಜಿ ಅದನ್ನ ಮಡಿಲಲ್ಲಿ ಇಟ್ಕೊಂಡಿದ್ದಳಲ್ಲ," ಎಂದಳು ಕಡ್ಡಿ, ಇಷ್ಟೂ ಗೊತ್ತಿಲ್ವಾ ಎನ್ನುವ ಹಾಗೆ.

ಯಾರೂ ನಗಲಿಲ್ಲ. ಲೀಡರ್ ಕೂಡ ಪೆನ್ಸಿಲ್ ಕಡಿಯುವುದನ್ನು ಮರೆತಿದ್ದ.

ಯಾವುದೋ ಒಬ್ಬ ಅಜ್ಜಿ! ನಿನ್ನೆಯ ನಗು ಚೂಟಿಗೆ ನೆನಪಾಯಿತು. ಈಗ ಅದು ಬಾಯಿಗೆ ಕಹಿಯಾಗಿತ್ತು.

ಮೇಡಂ ಕೇಕಿನ ತುದಿ ಮುರಿದು ಬಾಯಿಗೆ ಹಾಕಿಕೊಂಡರು. "ಹಸಿ ಸೇಬು ಹಾಕಿದ್ರೆ ನೀರು ಬಿಟ್ಟು ಕೇಕು ಪಿಚ ಪಿಚ ಅನ್ಬೇಕು. ಇದು ಅನ್ನಲ್ಲ. ನಿಮ್ಮಜ್ಜಿ ಏನು ಮಾಡ್ತಿದ್ರು?"

"ಅಜ್ಜಿ..." ಎಂದಳು ಕಡ್ಡಿ. "ಅಜ್ಜಿ..."

ಮೇಡಂ ಹುಬ್ಬು ಏರಿಸಿ ಮಿಸ್ ಕಡೆ ನೋಡಿದರು. ಚೂಟಿಯ ಮುಂದೆಯೂ ಅದೇ ಹುಬ್ಬು ಏರಿತ್ತು.

ಚೂಟಿ ಕೈ ಎತ್ತಿದಳು.

"ಸ್ಪರ್ಧೇಲಿ ಇಲ್ಲದವರು ಮಾತಾಡೋ ಹಾಗಿಲ್ಲ," ಎಂದರು ಮಿಸ್.

"ಮಾತಲ್ಲ ಮಿಸ್, ಡೌಟು. ಕಡ್ಡೀ, ನಿಮ್ಮಜ್ಜಿ ಸೇಬಿಗೆ ಸಕ್ಕರೆ ಸವರಿ, ನೀರೆಲ್ಲ ಬಸಿಯೋಕೆ ಬಿಡ್ತಿದ್ರಾ? ಆಮೇಲೆ ಒಣ ಬ್ರೆಡ್ಡಿನ ಪುಡಿ ಉದುರಿಸ್ತಿದ್ರಾ? ಸುಮ್ನೆ ಕೇಳ್ದೆ."

ಕಡ್ಡಿ ಅವಳನ್ನು ನೋಡಿದಳು. "ಹೂಂ. ಹಾಗೇ ಮಾಡ್ತಿದ್ರು." ಸ್ವಲ್ಪ ತಡೆದು, "ಪುಡಿ ಉದುರಿಸುವಾಗ ಹಾಡು ಹೇಳ್ತಿದ್ರು," ಎಂದು ಸೇರಿಸಿದಳು.

ಬಹುಮಾನ ಲೀಡರನಿಗೇ ಬಂತು. ಮೂರು ಅಂತಸ್ತು ಅಂದರೆ ಸುಮ್ಮನೆಯೇ? ಮೇಡಂ ಫೋನಿನ ಮುಂದೆ ಕೇಕು ಕತ್ತರಿಸಿದರು. ಮೊದಲ ತುಂಡು ಎತ್ತಿದವರೇ ಹಿಂದೆ ಮುಂದೆ ತಿರುಗಿಸಿದರು.

"ಅರೆ! ಅಡಿಯಲ್ಲಿ ಇದೇನು, ಹುಂಜದ ತಲೆ?"

ಚೂಟಿ ಕಣ್ಣು ಮುಚ್ಚಿಕೊಂಡಳು. ಸತ್ತೆವು!

ಲೀಡರನಿಗೂ ಗೊತ್ತಿರಲಿಲ್ಲ. ಅವನ ಕಿವಿ ಕೆಂಪಾಯಿತು. ಆದರೆ ಲೀಡರ್ ಎಂದರೆ ಲೀಡರ್. "ಅದು ನಮ್ಮ ವಂಶದ ಗುರುತು," ಎಂದ.

"ಸ್ನೇಹಿತರೇ, ವಂಶದ ಗುರುತು!" ಎಂದರು ಮೇಡಂ.

ಮೂರು ಸಾವಿರ ವರ್ಷದ ಹುಡುಗ ತನ್ನ ಕೇಕು ಎತ್ತಿ ಇಣುಕಿದ. "ನಮ್ಮ ವಂಶದಲ್ಲೂ ಹುಂಜ ಇದೆ!" ಒಂದು ವರ್ಷ ಜಾಸ್ತಿಯವಳು, "ನಮ್ಮದರಲ್ಲೂ!" ಎಂದು ಕೂಗಿದಳು. ಎಲ್ಲೆಲ್ಲೂ ಹುಂಜಗಳು ಎದ್ದವು.

ಈಗ ಆಯಿತು ಎಂದುಕೊಂಡಳು ಚೂಟಿ. ಈಗಲಾದರೂ ದೊಡ್ಡವರಿಗೆ ಹೊಳೆಯುತ್ತದೆ.

ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. "ಸ್ನೇಹಿತರೇ, ಇದು ಇತಿಹಾಸ! ಸಾವಿರಾರು ವರ್ಷದ ಹಿಂದೆ ಈ ಊರಲ್ಲಿ ಪ್ರತಿಯೊಬ್ಬ ತಾಯಿಯೂ ಕೇಕಿನ ಅಡಿ ಹುಂಜ ಬರೀತಿದ್ದಳು!"

ಮಿಸ್ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನಗು ತಡೆಯಲಾರದೆ ಚೂಟಿ ಬೆಂಚಿನ ಕೆಳಗೆ ಪೆನ್ನು ಹುಡುಕತೊಡಗಿದಳು. ಇಲ್ಲದ ಪೆನ್ನನ್ನು ಬಹಳ ಹೊತ್ತು ಹುಡುಕಿದಳು.

ಬೆಲ್ ಹೊಡೆದ ಮೇಲೆ ಅವಳು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಕಡ್ಡಿ ಬಂದು ನಿಂತಳು.

"ನೀನು ತಿರುಗಿಸ್ಬಹುದಿತ್ತು."

"ತಿರುಗಿಸಿದ್ರೆ ನಿಂಗೂ ಒಂದು ವಂಶ ಸಿಕ್ತಿತ್ತು," ಎಂದಳು ಚೂಟಿ.

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಡ್ಡಿ ಕೈ ಚಾಚಿ ಕಪ್ಪು ರೊಟ್ಟಿ ಇಸಿದುಕೊಂಡಳು. ಕಚ್ಚಿ ನೋಡಿದಳು, ಆಗಲಿಲ್ಲ. ನಲ್ಲಿಯ ನೀರಲ್ಲಿ ನೆನೆಸಿ, ಒಂದು ಮೂಲೆ ಕಿತ್ತು ಅಗಿಯತೊಡಗಿದಳು.

"ಇದರ ಕತೆ ಏನು? ಹೇಳು."

ಬೆಳಗಿನಿಂದ ಆ ಕತೆ ಹೇಳಲು ಚೂಟಿಯ ನಾಲಿಗೆ ತುರಿಸುತ್ತಿತ್ತು. ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಸಂಜೆ ಅಂಗಡಿಗೆ ಬಾ, ಅಜ್ಜೀನೇ ಹೇಳ್ತಾಳೆ. ಆದ್ರೆ ಮೊದಲೇ ಹೇಳಿರ್ತೀನಿ, ಬಿಟ್ಟಿ ಹೇಳಲ್ಲ. ಬಟಾಣಿ ಸುಲಿಸ್ತಾಳೆ. ಕೂದಲು ನೋಡಿ ಬೈತಾಳೆ. ಹಿಡಿದು ಕೂರಿಸಿ ಜಡೆ ಹಾಕ್ತಾಳೆ. ಎಷ್ಟು ಎಳೀತಾಳೆ ಅಂದ್ರೆ, ಕಣ್ಣಲ್ಲಿ ನೀರು ಬರತ್ತೆ!"

ಕಡ್ಡಿ ಅಗಿಯುವುದನ್ನು ನಿಲ್ಲಿಸಿದಳು.

"ನಂಗೂ ಹಾಕ್ತಾರಾ?"

ಚೂಟಿಗೆ ಒಂದು ಒಳ್ಳೇ ಕುಚೋದ್ಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಡ್ಡಿಯ ತಲೆಯ ಕಡೆ ನೋಡಿದಳು. ಬೈತಲೆ ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗಿತ್ತು. ಕೂದಲಿಗೆ ಅವಳೇ ಸಿಕ್ಕಿಸಿಕೊಂಡ ಕ್ಲಿಪ್ಪು ಜಾರಿ ಕಿವಿಯ ಮೇಲೆ ನೇತಾಡುತ್ತಿತ್ತು.

ಚೂಟಿ ನಲ್ಲಿ ನಿಲ್ಲಿಸಿದಳು.

"ಇವತ್ತು ಮೊದಲು ನಿಂಗೇ ಹಾಕ್ಲಿ," ಎಂದಳು. "ನಂದು ಆಮೇಲೆ."