ಕರಡಿಯ ಹೊಟ್ಟೆಯೊಳಗಿನ ಮಾತು

"ನಿಮ್ಮ ಬೆಕ್ಕು ಬೊಗಳ್ತಿದೆ ಮೇಡಂ."

ಅವಳು ಕಂಪ್ಯೂಟರ್‌ನಿಂದ ಕಣ್ಣೆತ್ತಿದಳು. ಮಾತಾಡುವ ಗೊಂಬೆಗಳನ್ನು ಮಾಡುವ ಆ ಪುಟ್ಟ ಕಂಪನಿಗೆ ತಪ್ಪು ಹುಡುಕುವ ಟೆಸ್ಟರ್ ಆಗಿ ಅಂದೇ ಸೇರಿದ್ದವನು, ಬಟ್ಟೆಯ ಬೆಕ್ಕೊಂದನ್ನು ಅವಳ ಮುಂದೆ ಹಿಡಿದು ಹೊಟ್ಟೆ ಒತ್ತಿದ. ಬೆಕ್ಕು ಬೌ ಬೌ ಅಂದಿತು. ಅದರ ಕೋಡ್ ಬರೆದವಳು ಇವಳೇ. ನಗು ತಡೆದುಕೊಂಡಿದ್ದ ಅವನ ಮುಖ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

'ಬಂದ ದಿನವೇ ತಕರಾರು!'

ಆಫೀಸಿನಲ್ಲಿ ಅವನಿಗೆ 'ತಕರಾರು' ಎಂಬ ಹೆಸರೇ ಅಂಟಿಕೊಂಡಿತು. ತಕರಾರು ಹೇಳುತ್ತ ಹೇಳುತ್ತಲೇ ಅವನು ಅವಳ ಊಟದ ಡಬ್ಬಿಯಲ್ಲಿ ಪಾಲು ಪಡೆದ. ಮನಸ್ಸಿನಲ್ಲಿ ಯಾವಾಗ ಪಡೆದನೋ, ಅವಳಿಗೇ ತಿಳಿಯಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಒಂದು ಸಂಜೆ ಮೆಟ್ಟಿಲ ಹತ್ತಿರ ಅವನು ಅವಳನ್ನು ತಡೆದು ನಿಂತ.

"ಬೇರೆ ಊರಿನ ಕಂಪನಿಯವರು ಕರೀತಿದ್ದಾರೆ. ಶುಕ್ರವಾರ ಉತ್ತರ ಕೊಡಬೇಕು. ಹೋಗ್ಲಾ... ಇರ್ಲಾ?"

ಹೋಗಬೇಡಿ ಅಂತ ಅವಳ ಎದೆ ಬಡಿದುಕೊಂಡಿತು. ಬಾಯಿ ಮಾತ್ರ "ನಿಮ್ಮಿಷ್ಟ" ಅಂದಿತು.

ಅವನ ಮುಖ ಬಾಡಿತು. "ಸರಿ," ಅಂದು ಇಳಿದುಹೋದ.

ಈ 'ನಿಮ್ಮಿಷ್ಟ' ಅವಳ ಅಮ್ಮನ ಮಾತು. ಗೋಡೆಗೆ ಯಾವ ಬಣ್ಣ ಅಂತ ಅಪ್ಪ ಕೇಳಿದರೂ ಅದೇ, ಅಡುಗೆ ಏನು ಅಂತ ಕೇಳಿದರೂ ಅದೇ. ಅಮ್ಮನ ಮೂಗಿನ ಜೊತೆ ಆ ಮಾತೂ ಮಗಳಿಗೆ ಬಂದಿತ್ತು.

"ಅಮ್ಮಾ, ನಿಂಗೆ ಬೇಕಾದ್ದನ್ನ ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ದೀಯಾ?" ಆ ರಾತ್ರಿ ಮನೆಯಲ್ಲಿ ಅವಳು ಕೇಳಿದಳು.

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು.

"ನಮ್ಮಮ್ಮನೂ ಕೇಳ್ತಿರ್ಲಿಲ್ಲ ಪುಟ್ಟಿ. ಆಸೆ ಇರ್ಲಿಲ್ಲ ಅಂತಲ್ಲ..." ಅಮ್ಮ ಅವಳ ಮುಖವನ್ನೇ ನೋಡಿದಳು. "ನಿಂಗೂ ಅದೇ ಬಂದ್ಬಿಡ್ತಾ?"

ಶುಕ್ರವಾರ ಅವನು ಅವಳ ಮೇಜಿನ ಮೇಲೆ ಕಂದು ಕರಡಿಯೊಂದನ್ನು ಮೆಲ್ಲಗೆ ಇಟ್ಟ.

"ಇದು ಕೊನೇ ತಕರಾರು. ಸಂಜೆ ಅವರಿಗೆ ಹ್ಞೂಂ ಅಂತೀನಿ."

ಹೊಟ್ಟೆ ಒತ್ತಿದ. ಕರಡಿ "ಹಲೋ" ಅಂದಿತು.

ಅವಳಿಗೆ ಅಳು ಒತ್ತರಿಸಿ ಬಂತು. ಅದನ್ನು ಅಡಗಿಸಲು ಕೋಡ್ ತೆರೆದಳು. ಎಲ್ಲ ಗೊಂಬೆಗಳಿಗೂ ತಾಯಿಯಂಥ ಕ್ಲಾಸ್, ಅಂದರೆ ಕೋಡಿನ ಮೂಲ ಅಚ್ಚು, ಒಂದಿತ್ತು. ಹೊಟ್ಟೆ ಒತ್ತಿದಾಗ ಏನಾಗಬೇಕು ಎನ್ನುವ ವರ್ಚುವಲ್ ಫಂಕ್ಷನ್ ಅದರಲ್ಲಿತ್ತು. ಗೊಂಬೆ ತನ್ನದೇ ಮಾತು ಬರೆದುಕೊಂಡರೆ ಆ ಮಾತು, ಇಲ್ಲದಿದ್ದರೆ ತಾಯಿಯ "ಹಲೋ". ಕರಡಿಗೆ ಅವಳು ಮಾತು ಬರೆದಿದ್ದಳಲ್ಲ!

ಕೊನೆಗೆ ಕಣ್ಣಿಗೆ ಬಿತ್ತು.

"ಒತ್ತಡದ ಅಳತೆಯನ್ನ ತಾಯಿ ಪೂರ್ಣ ಸಂಖ್ಯೆಯಲ್ಲಿ ತಗೊಳ್ಳತ್ತೆ, ನಾನು ದಶಮಾಂಶದಲ್ಲಿ ತಗೊಂಡಿದ್ದೀನಿ," ಅಂದಳು. "ಕಂಪ್ಯೂಟರ್‌ಗೆ ಇದು ಬೇರೆಯೇ ಫಂಕ್ಷನ್. ಕರಡಿ ಮಾತು ಒಳಗೇ ಇದೆ, ಯಾರೂ ಅದನ್ನ ಕರೀತಿಲ್ಲ."

"ಓವರ್‌ರೈಡ್ ಅಂತ ಬರೆದಿರ್ಲಿಲ್ವಾ? ಬರೆದಿದ್ರೆ ಕೋಡ್ ಓದುವಾಗ್ಲೇ ಕಂಪೈಲರ್ ತಕರಾರು ಮಾಡ್ತಿತ್ತು."

"ಇಲ್ಲ. ತಾಯಿ ಮಾತನ್ನ ಬದಲಾಯಿಸ್ತಿದ್ದೀನಿ ಅಂತ ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ..."

ಹೇಳುತ್ತಿದ್ದಂತೆ ಅವಳ ಬೆರಳು ನಿಂತವು. 'ನನ್ನ ಕಥೆಯೂ ಇದೇ ಅಲ್ವಾ... ಒಳಗೆ ಎಲ್ಲ ಇದೆ, ಹೊರಗೆ ಬರೋದು ಅಮ್ಮನ ಮಾತು.'

ಅಳತೆ ಸರಿಮಾಡಿದಳು. ಓವರ್‌ರೈಡ್ ಎಂಬ ಪದ ಸೇರಿಸಿದಳು. ಹೊಸ ಕೋಡ್ ತುಂಬಿ ಕರಡಿಯನ್ನು ಅವನ ಕೈಗಿಟ್ಟಳು.

ಅವನು ಒತ್ತಿದ.

"ಹೋಗಬೇಡ. ಇಲ್ಲೇ ಇರು."

ಅವಳದೇ ದನಿ! ಗೊಂಬೆಗಳಿಗೆ ದನಿ ಕೊಡುವ ಹುಡುಗಿಗೆ ಹಿಂದೊಮ್ಮೆ ಗಂಟಲು ಕಟ್ಟಿದ್ದಾಗ ಕರಡಿಯ ಮಾತನ್ನು ಇವಳೇ ಹೇಳಿ ತುಂಬಿಸಿದ್ದಳು.

ಅವನು ಕರಡಿಯಿಂದ ಕಣ್ಣೆತ್ತಿದ. "ಇದು ಕರಡಿ ಹೇಳಿದ್ದು," ಅಂದ ಮೆಲ್ಲಗೆ. "ನೀವೇನಂತೀರಿ?"

'ನಿಮ್ಮಿಷ್ಟ' ನಾಲಿಗೆ ತುದಿಗೆ ಬಂದೇ ಬಂತು. ಅವಳು ಅದನ್ನು ನುಂಗಿದಳು.

"ಹೋಗಬೇಡಿ. ನಂಗೆ ನೀವು ಬೇಕು. ಇದು ನನ್ನಿಷ್ಟ."

ಅವನು ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಕಣ್ಣು ತೇವವಾಗಿದ್ದವು.

"ತಪ್ಪು ಹುಡುಕೋ ನೆಪದಲ್ಲಿ ನಿಮ್ಮನ್ನ ನೋಡೋಕೇ ಬರ್ತಿದ್ದೆ."

"ಗೊತ್ತು. ಅದಕ್ಕೇ ಕೆಲವು ತಪ್ಪು ಬೇಕಂತಲೇ ಬಿಡ್ತಿದ್ದೆ."

"ಹಾಗಾದ್ರೆ ಆ ಬೆಕ್ಕು?"

"ಅದು ನಿಜವಾದ ತಪ್ಪು."

ಇಬ್ಬರೂ ನಕ್ಕರು. ಕರಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಕೇಳಿದ, "ಟೀ ಕುಡಿಯೋಣ್ವಾ, ಕಾಫಿನಾ?"

"ನಿಮ್ಮಿ..."

ಅವನು ಹುಬ್ಬೇರಿಸಿದ.

"ಕಾಫಿ," ಅಂದಳು ಅವಳು. "ಸಕ್ಕರೆ ಜಾಸ್ತಿ."